ಒಗೆದು ನೋಡಿದ ಬಣ್ಣ

ಮಗಳು ಟ್ರಂಕಿನ ತಳಕ್ಕೆ ಕೈಹಾಕಿ ಹೊದಿಕೆಯನ್ನು ಎಳೆದು ತೆಗೆದಳು. ಒಂದು ಕಾಲಕ್ಕೆ ದಟ್ಟ ಕಂದು ಬಣ್ಣವಿದ್ದದ್ದು ಈಗ ಹಾಲು ಹೆಚ್ಚಾದ ಚಹಾದಂತಿತ್ತು.

"ಇದನ್ನ ಹೊದಿಸೋದಾ? ಹೊಸದು ತಂದಿದೀನಲ್ಲೇ," ಎಂದರು ದೊಡ್ಡಪ್ಪ. "ಊರಿಗೆಲ್ಲ ಬಣ್ಣ ಹಾಕಿಕೊಟ್ಟವಳು. ಮಾಸಿದ್ದರಲ್ಲಿ ಕಳಿಸಿದ್ರೆ ಜನ ಏನಂದಾರು?"

"ಏನಾದ್ರೂ ಅಂದ್ಕೊಳ್ಳಲಿ ದೊಡ್ಡಪ್ಪ. ಅಮ್ಮ ಇದೇ ಬೇಕು ಅಂದಿದ್ಲು."

ನಡುಮನೆಯಲ್ಲಿ ಅಮ್ಮ ಮಲಗಿದ್ದಳು. ಊರಿಗೆ ಅವಳು ಬಣ್ಣದಮ್ಮ. ಗಂಡಹೆಂಡಿರು ಹಿತ್ತಿಲ ಶೆಡ್ಡಿನಲ್ಲಿ ಬಟ್ಟೆಗೆ ಬಣ್ಣ ಹಾಕಿಯೇ ಬದುಕಿದವರು. ಅವಳ ಉಗುರ ಸಂದಿಯ ನೀಲಿ ಸಾವಿಗೂ ಜಗ್ಗಿರಲಿಲ್ಲ. ತಲೆಯ ಬಳಿ ಅಪ್ಪ ಕೂತಿದ್ದ.

"ಏನೇ ಹೇಳು, ಕೊನೆಗೆ ಆ ಆಸ್ಪತ್ರೆ ರಿಪೋರ್ಟು ಹೇಳಿದ್ದೇ ಆಯ್ತು," ಎಂದು ದೊಡ್ಡಪ್ಪ ನಿಟ್ಟುಸಿರಿಟ್ಟರು.

ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಸತ್ತ ಮೇಲೂ ಅಮ್ಮನನ್ನು ಸೋಲಿಸಲು ಇವರಿಗೆಷ್ಟು ಆತುರ.

*

ವರ್ಷಗಳ ಹಿಂದೆ ಅಮ್ಮನ ಕರುಳಿನ ಗೆಡ್ಡೆ ತೆಗೆದ ಮೇಲೆ ಡಾಕ್ಟರಮ್ಮ ಅಪ್ಪ, ಅಮ್ಮ, ಮಗಳು ಮೂವರನ್ನೂ ಕೂರಿಸಿ, ಅದರ ತೆಳು ಚೂರಿಗೆ ಪರೀಕ್ಷೆಗೆಂದು ಬಣ್ಣ ಹಾಕಿ ತೆಗೆದ ಚಿತ್ರವನ್ನು ಪರದೆಯ ಮೇಲೆ ತೋರಿಸಿದ್ದರು. ತಿಳಿನೀಲಿಯ ನಡುವೆ ದಟ್ಟ ಕಂದು.

"ಎಷ್ಟು ಚೆನ್ನಾಗಿ ಬಣ್ಣ ಹಿಡಿದಿದೆ ನೋಡೇ," ಎಂದ ಅಪ್ಪನ ಮುಖ ಅರಳಿತ್ತು. ಅವನ ಕಸುಬಿನಲ್ಲಿ ದಟ್ಟಗೆ ಹಿಡಿಯಿತೆಂದರೆ ಒಳ್ಳೆಯ ಸುದ್ದಿಯೇ.

ಡಾಕ್ಟರಮ್ಮನಿಗೆ ಹೇಳಲು ಸಂಕಟ. "ಇದು ಒಳ್ಳೇದಲ್ಲ. ಗೆಡ್ಡೆಯಲ್ಲಿ ಒಂದು ಪ್ರೋಟೀನ್ ಇದ್ದ ಕಡೆ ಮಾತ್ರ ಈ ಕಂದು ಅಂಟುತ್ತೆ. ಇಷ್ಟು ದಟ್ಟವಾಗಿದ್ರೆ ಕಾಯಿಲೆ ಬೇಗ ವಾಪಸ್ ಬರೋದು ಜಾಸ್ತಿ. ಒಂದೆರಡು ವರ್ಷ ಅಂತ..."

ಅಪ್ಪ ಸಪ್ಪಗಾದ. ಅಮ್ಮ ಮಾತ್ರ ಮೂಗು ತಾಗುವಷ್ಟು ಬಗ್ಗಿ ಪರದೆ ನೋಡಿದಳು.

"ಎಲ್ಲರಿಗೂ ಹಂಗೇ ಆಗುತ್ತಾ?"

"ಎಲ್ಲರಿಗೂ ಅಲ್ಲ. ಹೆಚ್ಚಿನವರಿಗೆ."

"ಬಣ್ಣ ಹಿಡಿದದ್ದು ನೋಡಿ ನಿಲ್ಲುತ್ತೆ ಅಂತ ನಾವು ಗಿರಾಕಿಗೆ ಮಾತು ಕೊಡಲ್ಲ ಡಾಕ್ಟರಮ್ಮ. ಒಗೆದು ನೋಡ್ತೀವಿ."

ಅದೇ ವಾರ ಅಮ್ಮ ಅಂಥದ್ದೇ ಕಂದು ಕಲಸಿ ಒಂದು ಹೊದಿಕೆಗೆ ಹಾಕಿ, ಅಂಚು ಮಡಿಚಿ ಹೊಲಿದಳು. ಬಣ್ಣ ಕಚ್ಚಿ ನಿಲ್ಲಲೆಂದು ಹಾಕುವ ಉಪ್ಪನ್ನು ಬೇಕೆಂದೇ ಬಿಟ್ಟಳು. ತಪಾಸಣೆಯಲ್ಲಿ ಏನೂ ಇಲ್ಲ ಎಂದಾಗಲೆಲ್ಲ ಮನೆಗೆ ಬಂದು ಅದನ್ನು ಕಲ್ಲಿಗೆ ಬಡಿದು ಒಗೆಯುವಳು. ಚರಂಡಿಗೆ ಹರಿಯುವ ಕಂದು ನೀರಿಗೆ, "ತೊಲಗು, ಇಲ್ಲೇನು ನಿನ್ನ ಕೆಲಸ," ಎಂದು ಬೈಯುವಳು. ಡಾಕ್ಟರಮ್ಮ ಹೇಳಿದ ಗಡುವು ದಾಟಿತು. ಮಗಳ ಮದುವೆಯಾಯಿತು, ಮೊಮ್ಮಗಳು ಹುಟ್ಟಿ ಶಾಲೆಗೂ ಸೇರಿದಳು. ಕಾಯಿಲೆ ಮರಳಿದ್ದು ಆಮೇಲೆ.

*

"ರಿಪೋರ್ಟು ಹೇಳಿದ ಹಾಗೆ ಆಗಿದ್ರೆ ನನ್ನ ಮಗಳು ಅಜ್ಜಿ ಮುಖಾನೇ ನೋಡ್ತಿರಲಿಲ್ಲ," ಎಂದಳು ಮಗಳು. "ನಿಮ್ಮ ಹೊಸ ಬಟ್ಟೆ ಒಳಗಿಡಿ."

ದೊಡ್ಡಪ್ಪ ತಮ್ಮನ ಕಡೆ ತಿರುಗಿದರು. "ನೀನಾದ್ರೂ ಹೇಳೋ."

ಅಪ್ಪ ಎದ್ದ. ಹೊದಿಕೆಯನ್ನು ಈಸಿಕೊಂಡು ಅಂಚಿನ ಮಡಿಕೆಯನ್ನು ಬೆರಳಲ್ಲಿ ಬಿಡಿಸಿದ. ಹೊಲಿಗೆಯ ಒಳಗೆ ಒಗೆತ ತಾಗದೆ, ಆವತ್ತಿನ ಕಂದು ಹಾಗೇ ಕೂತಿತ್ತು.

"ನೋಡಿದ್ಯಾ, ಪೂರ್ತಿ ಹೋಗಿಲ್ಲ," ಎಂದರು ದೊಡ್ಡಪ್ಪ.

"ಹೌದು, ಹೋಗಿಲ್ಲ," ಎಂದ ಅಪ್ಪ. "ಕತ್ತರಿ ತಾ ಮಗಳೇ."

ನೆಲದ ಮೇಲೆ ಕೂತು ನಾಲ್ಕೂ ಕಡೆಯ ಅಂಚನ್ನು ಕತ್ತರಿಸಿದ. ಕಂದು ಪಟ್ಟಿಯನ್ನು ಹಿತ್ತಿಲ ಚರಂಡಿಗೆ ಎಸೆದು ಬಂದ. ಉಳಿದದ್ದನ್ನು ಹೆಂಡತಿಯ ಗದ್ದದವರೆಗೆ ಹೊದಿಸಿ, ನೀಲಿ ಉಗುರಿನ ಎರಡೂ ಕೈಗಳನ್ನು ಅದರ ಮೇಲೆ ಇಟ್ಟ.