ದರ್ಜಿ ಹೇಳಿದ ದಾರಿ

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಬ್ಬ ದರ್ಜಿಯಿದ್ದ. ಅಂಗಿ, ಪ್ಯಾಂಟು ಹೊಲಿಯುವುದನ್ನು ಬಿಟ್ಟು ಅವನಿಗೆ ಬಹಳ ಕಾಲವಾಗಿತ್ತು. ಬೆಟ್ಟ ಹತ್ತಲು ಬರುವವರ ಬೆನ್ನುಚೀಲದ ಕಿತ್ತ ಪಟ್ಟಿ, ಬಾಯಿಬಿಟ್ಟ ಜಿಪ್ಪು, ಹರಿದ ಟೆಂಟು, ಇವೇ ಅವನ ಅನ್ನ. ಅವನು ಹಾಕಿದ ಹೊಲಿಗೆ ಚೀಲಕ್ಕಿಂತ ಹೆಚ್ಚು ಬಾಳುತ್ತದೆ ಎಂಬ ಮಾತಿತ್ತು.

ಕೈ ಹೊಲಿಯುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. "ಎಲ್ಲಿಗೆ, ದೊಡ್ಡ ಬೆಟ್ಟಕ್ಕಾ?" ಎನ್ನುವನು. ಗಿರಾಕಿ ಹೂಂ ಅಂದರೆ ಕಥೆ ಮುಗಿಯಿತು.

"ಅಲ್ಲೇನಿದೆ ಸ್ವಾಮಿ? ಮುಂದಿನವನ ಹಿಮ್ಮಡಿ ನೋಡ್ಕೊಂಡು ಹತ್ತಬೇಕು, ಹಿಂದಿನವನ ಬೈಗುಳ ಕೇಳ್ಕೊಂಡು ಇಳೀಬೇಕು. ಕುರಿಮಂದೆ! ನಾನೊಂದು ಗುಡ್ಡ ಹೇಳ್ತೀನಿ, ಅಲ್ಲಿ ನೀವು, ಗಾಳಿ, ಮೂರನೆಯವರಿಲ್ಲ."

ಹಾಗೆಂದು ಒಂದು ಚಿಂದಿಬಟ್ಟೆಯ ಮೇಲೆ ಸೀಮೆಸುಣ್ಣದಿಂದ ದಾರಿ ಗೀಚಿ ಕೊಡುವನು. ಹೋಗಿ ಬಂದವರು ಹೊಗಳಿದರು. ಅವನಿಗೆ 'ಗುಡ್ಡದ ಮೇಷ್ಟ್ರು' ಎಂಬ ಹೆಸರು ಬಿತ್ತು. ಹೊಗಳಿಕೆ ಸುಳ್ಳೇನಲ್ಲ, ಆ ಗುಡ್ಡಗಳು ನಿಜಕ್ಕೂ ಚೆಲುವಾಗಿದ್ದವು.

ಸುಳ್ಳು ಬೇರೆ ಕಡೆ ಇತ್ತು. ಮದುವೆಯಾದ ಹೊಸತರಲ್ಲಿ ಅವನೊಬ್ಬನೇ ದೊಡ್ಡ ಬೆಟ್ಟಕ್ಕೆ ಹೋಗಿದ್ದ. ತುದಿಗಿಂತ ಸ್ವಲ್ಪ ಕೆಳಗೆ ನೆಟ್ಟಗೆ ನಿಂತ ಬಂಡೆಗೆ ಕಬ್ಬಿಣದ ಏಣಿ ಬಿಗಿದಿದ್ದರು. ಅರ್ಧ ಏರಿದವನು ಕೆಳಗೆ ನೋಡಿದ. ಅಷ್ಟೇ, ಕೈಗಳು ಕಂಬಿಗೆ ಕಚ್ಚಿಕೊಂಡವು. "ಹತ್ತಯ್ಯಾ, ಇಲ್ಲಾ ಇಳಿಯಯ್ಯಾ!" ಎಂದು ಕೆಳಗಿನಿಂದ ಕೂಗಿದರು. ಯಾರೋ ಕಿಸಕ್ಕನೆ ನಕ್ಕರು. ಕೊನೆಗೆ ಹಿಂದಿದ್ದವರೆಲ್ಲ ಇಳಿದು ಜಾಗ ಬಿಡಬೇಕಾಯಿತು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಅವನ ಪಾದಗಳನ್ನು ಒಂದೊಂದಾಗಿ ಹಿಡಿದು ಮೆಟ್ಟಿಲಿಗೆ ಇಟ್ಟು ಇಳಿಸಿದಳು. ಅವನ ಪ್ಯಾಂಟು ಒದ್ದೆಯಾಗಿತ್ತು. ಅದನ್ನು ಅವಳೂ ನೋಡಿದಳು.

ಮನೆಗೆ ಬಂದು ಹೆಂಡತಿಗೆ, "ಥೂ, ಬರೀ ಜನ. ಅರ್ಧಕ್ಕೇ ವಾಪಸ್ ಬಂದೆ," ಎಂದ. ಆ ಒಂದು ಸುಳ್ಳನ್ನು ಕಾಪಾಡಿಕೊಳ್ಳುವುದರಲ್ಲೇ ಮೂವತ್ತು ವರ್ಷ ಕಳೆಯಿತು.

ಹೆಂಡತಿ ಅದೇ ಅಂಗಡಿಯಲ್ಲಿ ಕೂತು ಗುಂಡಿ, ಕೊಂಡಿ ಹಾಕುತ್ತಿದ್ದಳು. ಬಾಗಿಲಿಗೆ ನೇರವಾಗಿ ದೊಡ್ಡ ಬೆಟ್ಟದ ತುದಿ ಕಾಣುತ್ತಿತ್ತು. "ಒಂದ್ಸಲ ಕರ್ಕೊಂಡು ಹೋಗ್ರೀ," ಎಂದು ವರ್ಷಕ್ಕೊಮ್ಮೆಯಾದರೂ ಕೇಳುವಳು. ಅವನು ಗಿರಾಕಿಗಳ ಮುಂದೆಯೇ, "ನೋಡಿ, ನಮ್ಮನೆಯಲ್ಲೇ ಒಂದು ಕುರಿ ಇದೆ," ಎನ್ನುವನು. ಅವರು ನಗುವರು. ಅವಳೂ ನಗುವಳು.

ಈ ವರ್ಷ ಅವಳು ಕೇಳಲಿಲ್ಲ. "ನಾಡಿದ್ದು ಪಕ್ಕದ ಮನೆ ನರ್ಸಮ್ಮನ ಜೊತೆ ದೊಡ್ಡ ಬೆಟ್ಟಕ್ಕೆ ಹೋಗ್ತೀನಿ," ಎಂದಳು.

"ಈ ವಯಸ್ಸಲ್ಲಾ? ಆ ಜನದ ಮಧ್ಯೆ?"

"ಜನ ಇದ್ರೆ ಇರ್ಲಿ ಬಿಡ್ರೀ. ನಾನೂ ಜನಾನೇ ಅಲ್ವಾ?"

ಅವಳು ಹೋದ ದಿನ ದರ್ಜಿ ಎರಡು ಸೂಜಿ ಮುರಿದ. ಸಂಜೆಯ ಬಸ್ಸಿಗೆ ಅವಳು ಬಂದಳು, ನರ್ಸಮ್ಮನ ಹೆಗಲು ಹಿಡಿದು, ಕುಂಟುತ್ತಾ, ಆದರೆ ಮುಖ ಅರಳಿಸಿಕೊಂಡು. ಮಂಡಿ ಊದಿತ್ತು. ಅವನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ತಂದು ಕೆಳಗೆ ಕೂತ.

"ಏಣಿ ಮಧ್ಯದಲ್ಲಿ ಮಂಡಿ ಕೈಕೊಡ್ತು ಕಣ್ರೀ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಒಣಗಾಕಿದ ಬಟ್ಟೆ ಥರ ನೇತಾಡ್ತಿದ್ದೆ! ಪಾಪ, ಹಿಂದಿದ್ದವರೆಲ್ಲ ಇಳಿದು ದಾರಿ ಬಿಟ್ರು. ಯಾರೋ ಕಾಲು ಹಿಡಿದ್ರು, ಯಾರೋ ಬೆನ್ನು ಹಿಡಿದ್ರು. ಕೆಳಗೆ ಬಂದ ಮೇಲೆ ಚಪ್ಪಾಳೆ ಬೇರೆ! ನನಗಂತೂ ನಕ್ಕೂ ನಕ್ಕೂ ಸಾಕಾಯ್ತು."

"ತುದಿಗೆ?"

"ಎಲ್ಲಿಯ ತುದಿ? ಇನ್ನು ಹದಿನೈದೇ ಮೆಟ್ಟಿಲಿತ್ತು." ಅವಳು ಮಂಡಿ ನೀವಿಕೊಂಡಳು. "ಹತ್ತು ವರ್ಷದ ಹಿಂದಾಗಿದ್ರೆ ಹತ್ತಿಬಿಡ್ತಿದ್ದೆ."

ದರ್ಜಿಯ ಕೈಯಲ್ಲಿದ್ದ ಬಟ್ಟೆ ತಣ್ಣಗಾಗುತ್ತಿತ್ತು. ಅವನು ತಲೆಯೆತ್ತದೆ ಎಲ್ಲ ಹೇಳಿದ: ಏಣಿ, ನಗು, ಹುಡುಗಿ, ಒದ್ದೆಯಾದ ಪ್ಯಾಂಟು. ಅವಳು ಈಗ ನಗುತ್ತಾಳೆ ಎಂದುಕೊಂಡ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ.

"ಹೆದರಿದ್ದು ತಪ್ಪಲ್ಲ ರೀ. ಹೆದರಿಕೆ ಯಾರಿಗಿಲ್ಲ?" ಎಂದಳು. "ಆದ್ರೆ ನಾನು ಕೇಳಿದಾಗೆಲ್ಲ, ಬಂದವರ ಮುಂದೆ, ನನ್ನನ್ನ ಕುರಿ ಮಾಡಿದ್ರಲ್ಲ. ಹೆದರಿದ್ದು ನೀವು, ನಗೆಪಾಟಲಾಗಿದ್ದು ನಾನು."

ಅವಳು ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು, ತಾನೇ ಮಂಡಿಗೆ ಸುತ್ತಿಕೊಂಡು, ಗೋಡೆ ಹಿಡಿದು ಒಳಗೆ ಹೋದಳು.

ಮಾರನೆಯ ದಿನ ಎಂದಿನಂತೆ ಅಂಗಡಿಗೆ ಬಂದಳು, ಎಂದಿನಂತೆ ಗುಂಡಿ ಡಬ್ಬಿ ತೆಗೆದಳು. ಮಾತಿಲ್ಲ. ಮಧ್ಯಾಹ್ನ ಗಂಡಹೆಂಡಿರಿಬ್ಬರು ಒಂದು ಚೀಲ ಹಿಡಿದು ಬಂದರು. "ಮೇಷ್ಟ್ರೇ, ದೊಡ್ಡ ಬೆಟ್ಟ ಬೇಡ ಅಂತೀರಂತೆ. ನಮಗೂ ಒಂದು ಗುಡ್ಡ ಹೇಳಿ," ಎಂದ ಗಂಡ.

ದರ್ಜಿ ಸೀಮೆಸುಣ್ಣ ಎತ್ತಿಕೊಂಡು, ಮತ್ತೆ ಕೆಳಗಿಟ್ಟ.

"ಗುಡ್ಡ ಹೇಳ್ತೀನಿ. ಆದ್ರೆ ದೊಡ್ಡ ಬೆಟ್ಟ ಹೇಗಿದೆ ಅಂತ ನನ್ನ ಕೇಳಬೇಡಿ. ನಾನು ತುದಿ ನೋಡಿಲ್ಲ. ಏಣಿ ಮೇಲೆ ಹೆದರಿ, ಒಂದು ಮಗು ಕೈಲಿ ಇಳಿಸ್ಕೊಂಡು ಬಂದೋನು ನಾನು. ನಮ್ಮನೆಯವರು ನಿನ್ನೆ ಹೋಗಿದ್ರು. ಕೇಳೋದಾದ್ರೆ ಅವರನ್ನ ಕೇಳಿ."

ಬಂದವರು ನಗಬೇಕೋ ಬಿಡಬೇಕೋ ತಿಳಿಯದೆ ಮುಖ ಮುಖ ನೋಡಿಕೊಂಡರು. ದರ್ಜಿಯ ಕಿವಿ ಕಾದ ಇಸ್ತ್ರಿಯಂತೆ ಸುಡುತ್ತಿತ್ತು. ಹೇಳಿಬಿಟ್ಟರೆ ಎದೆ ಹಗುರವಾದೀತು ಎಂದುಕೊಂಡಿದ್ದ, ಆಗಲಿಲ್ಲ. ಅವನು ಚೀಲವನ್ನು ಮಷಿನ್ನಿನ ಕೆಳಗೆ ಸರಿಸಿ ಪೆಡಲು ತುಳಿಯತೊಡಗಿದ.

"ಆ ಎಡಗಡೆ ಪಟ್ಟಿಗೂ ಒಂದು ಹೊಲಿಗೆ ಹಾಕಿ, ಸಡಿಲ ಇದೆ," ಎಂದಳು ಅವನ ಹೆಂಡತಿ, ಗುಂಡಿಯಿಂದ ಕಣ್ಣೆತ್ತದೆ.