ನಿರೂಪಕನ ಹೆಸರು

ಹೆಬ್ಬಳ್ಳಿಯಿಂದ ಬಂದ ಗುರುಬಸವನಿಗೆ ಮೈಕಿನ ಮುಂದೆ ಮಾತಾಡಲು ಕಲಿಸಿದವರು ಮೈಲಾರಪ್ಪ. ಧಾರವಾಡದ ರೇಡಿಯೋದಲ್ಲಿ ಇಬ್ಬರೂ ಸೇರಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದರು. ಓದುವ ಭರದಲ್ಲಿ ವಾಕ್ಯದ ಕೊನೆಯನ್ನೇ ನುಂಗುತ್ತಿದ್ದ ಹುಡುಗನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಅವರು ತಿದ್ದಿದ್ದರು.

ಮುಂದೆ ಹುಬ್ಬಳ್ಳಿಯ ಟಿವಿ ವಾಹಿನಿಯೊಂದರ ರಸಪ್ರಶ್ನೆಗೆ ನಿರೂಪಕನಾದ ಗುರುಬಸವ ಹೆಸರು ಮಾಡಿದ್ದು ಬೇರೆ ವಿದ್ಯೆಯಿಂದ. ತಪ್ಪು ಉತ್ತರ ಕೊಟ್ಟ ಮಾಸ್ತರರೊಬ್ಬರಿಗೆ, "ಇವತ್ತ ನೀವು ರಜಾ ಹಾಕಿದ್ದು ಮಕ್ಕಳ ಪುಣ್ಯಾರಿ" ಎಂದುಬಿಟ್ಟಿದ್ದ. ಊರೆಲ್ಲ ನಕ್ಕಿತು. ಅಂದಿನಿಂದ ಜನ ಸೋತವರ ಮುಖ ನೋಡಲೆಂದೇ ಟಿವಿ ಹಚ್ಚತೊಡಗಿದರು.

ಈ ವರ್ಷ ಅದೂ ಹಳತಾಯಿತು. ವಾಹಿನಿಯ ಒಡೆಯ ಅತುಲ ಅವನ ಜಾಗಕ್ಕೆ ಎಫ್‌ಎಂ ರೇಡಿಯೋದ ಹುಡುಗಿಯೊಬ್ಬಳನ್ನು ಕರೆಸಿ ಮಾತಾಡಿದ ಸುದ್ದಿ ಗುರುಬಸವನ ಕಿವಿಗೆ ಬಿತ್ತು. ತಾನಾಗಿಯೇ ಅತುಲನ ಬಳಿ ಹೋದ. "ನಮ್ಮ ಮೈಲಾರಪ್ಪ ಸರ್‌ನ ಕರಸೂಣ್ರಿ. ಅವರ ಧ್ವನಿ ಕೇಳದ ಮನಿ ಧಾರವಾಡದಾಗ ಇಲ್ಲ."

ಮೈಲಾರಪ್ಪನವರಿಗೆ ಮರೆವಿನ ಕಾಯಿಲೆ ಶುರುವಾಗಿದ್ದು ಅವನಿಗೆ ಗೊತ್ತಿತ್ತು. ಮಾಳಮಡ್ಡಿಯ ಮನೆಯಲ್ಲಿ ಅವರ ಹೆಂಡತಿ ಶೇವಂತೆವ್ವ ಕೈಮುಗಿದೇ ಹೇಳಿದರು: "ಬ್ಯಾಡೋ ತಮ್ಮಾ. ಮಗಳ ಹೆಸರು ಸುದ್ದಾ ಒಮ್ಮೊಮ್ಮೆ ನೆನಪಾಗಂಗಿಲ್ಲ ಅವರಿಗೆ."

"ನಾ ಇರ್ತೇನಲ್ರಿ ಅವ್ವಾ. ಹಳೇ ರೇಡಿಯೋದ್ದು ಅಷ್ಟ ಕೇಳ್ತೇನಿ" ಎಂದ. ಹೇಳುವಾಗ ಅವನ ಮನಸ್ಸಿನಲ್ಲೂ ಹಾಗೇ ಇತ್ತು.

ಚಿತ್ರೀಕರಣದ ದಿನ ಹಳೆಯ ರೇಡಿಯೋದ ಪ್ರಶ್ನೆಗಳಿಗೆ ಮೈಲಾರಪ್ಪ ಥಟ್ಟನೆ ಉತ್ತರಿಸಿದರು. ಚಪ್ಪಾಳೆ ಬಿತ್ತು. ಗುರುಬಸವನ ಇಯರ್‌ಫೋನಿನಲ್ಲಿ ಅತುಲ ಗದರಿದ: "ಏನ್ರೀ, ಸನ್ಮಾನ ಸಮಾರಂಭ ನಡಸೀರೇನು? ಹಂಗಾದ್ರ ಮುಂದಿನ ವಾರದಿಂದ ಆ ಹುಡುಗೀನ ಬರ್ತಾಳ."

ಗುರುಬಸವ ಕೈಯಲ್ಲಿದ್ದ ಪ್ರಶ್ನೆಯ ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. "ಸರ್, ಕಡೇ ಪ್ರಶ್ನೆ. ಭಾಳ ಸಸಾರ ಐತಿ. ನಿಮ್ಮ ಮುಂದ ನಿಂತಾನಲ್ಲ, ಇವನ ಹೆಸರೇನ್ರಿ?"

ಮೈಲಾರಪ್ಪ ಅವನ ಮುಖವನ್ನೇ ದಿಟ್ಟಿಸಿದರು. ತುಟಿ ಅಲುಗಿತು. ಕ್ಯಾಮೆರಾ ಹತ್ತಿರ ಸರಿಯಿತು.

"ನೀ... ನಮ್ಮ ಹುಡುಗ. ಹೌದು, ನಮ್ಮ ಹುಡುಗ."

"ಅದು ಹೆಸರಲ್ರೀ ಸರ್! ಚೆಕ್ಕಿನ ಮ್ಯಾಲೆ 'ನಮ್ಮ ಹುಡುಗ' ಅಂತ ಬರದ್ರ ಬ್ಯಾಂಕಿನವರು ಒಪ್ತಾರೇನ್ರಿ?"

ಜನ ಬಿದ್ದು ಬಿದ್ದು ನಕ್ಕರು. ಮೈಲಾರಪ್ಪನವರೂ ಅವರ ಜೊತೆ ಸ್ವಲ್ಪ ನಕ್ಕರು. ಆಮೇಲೆ ಸುತ್ತಲೂ ನೋಡಿ, ಗಾಬರಿಯಿಂದ ಕರೆದರು: "ಶೇವಂತೀ, ಮನಿಗೆ ಹೋಗೂಣೇನು?"

ಮೈಕಿನಲ್ಲಿ ಅದೂ ಕೇಳಿಸಿತು. ಅದಕ್ಕೂ ನಕ್ಕರು.

ಆ ತುಣುಕು ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಸಂಜೆ ತಿರುಗಾಡಲು ಹೊರಟ ಮೈಲಾರಪ್ಪನವರನ್ನು ಓಣಿಯ ಪಡ್ಡೆಗಳು ತಡೆದು, "ಕಾಕಾ, ನನ್ನ ಹೆಸರ ಹೇಳ್ರಿ ನೋಡೂಣು" ಎನ್ನತೊಡಗಿದರು. ಅವರು ಅಲ್ಲೇ ನಿಂತು, ಮರ್ಯಾದೆಯಿಂದ, ನೆನಪಿಸಿಕೊಳ್ಳಲು ಹೆಣಗುತ್ತಿದ್ದರು. ಕೊನೆಗೆ ಶೇವಂತೆವ್ವ ಅವರನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದರು.

ಗುರುಬಸವ ಒಮ್ಮೆ ಅವರ ಮನೆಗೆ ಹೋದ. ಮೈಲಾರಪ್ಪ ಯಾರೋ ದೊಡ್ಡವರು ಬಂದಂತೆ ಅವನನ್ನು ಕೂಡ್ರಿಸಿ, ಚಹಾ ತರಲು ಹೇಳಿದರು. ಶೇವಂತೆವ್ವ ಕಪ್ಪನ್ನು ಅವನ ಮುಂದಿಟ್ಟು ಮೆಲ್ಲಗೆ ಅಂದರು: "ನಮ್ಮ ಹುಡುಗ ಅಂದ್ರು ಅವರು. ನೀನ ಅಲ್ಲ ಅಂದಿ. ಕುಡದು ನಡಿ."

ಅವನು ಕುಡಿದು ಎದ್ದ.

ಅವನ ಕೆಲಸ ಉಳಿಯಿತು. ಮುಂದಿನ ಚಿತ್ರೀಕರಣದ ದಿನ ಅತುಲ ಹೊಸ ಸ್ಪರ್ಧಿಯ ಬಗ್ಗೆ ಹೇಳಿದ: ಬೈರಿದೇವರಕೊಪ್ಪದವಳು, ತುಂಬ ಓದಿಕೊಂಡವಳು, ಮಾತು ತೊದಲುತ್ತದೆ.

"ಭಾಳ ತೊದಲ್ತಾಳೇನ್ರಿ?"

"ಅಂಜಿದ್ರ ಭಾಳ."

"ಹಂಗಾದ್ರ ಉತ್ತರಕ್ಕ ಕೊಡೋ ವ್ಯಾಳ್ಯಾ ಒಂದಿಷ್ಟು ಕಡಿಮಿ ಮಾಡ್ರಿ" ಎಂದು, ಗುರುಬಸವ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳಲು ಕುಳಿತ.