ಬೇವಿನ ನೀರು ಕುಡಿದ ಹಿಂಡಿ

ಬೇವು ಮುಟ್ಟಿದ್ದೆಲ್ಲ ಮಡಿ ಎಂಬುದನ್ನು ಬಾದನಹಟ್ಟಿಯ ಜಡೆಮ್ಮನಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಮಕ್ಕಳ ಮೈಮೇಲೆ ಅಮ್ಮ ಎದ್ದಾಗ ಹಾಸಿದ್ದು ಬೇವು, ಬಾಣಂತಿಯ ಬಾಗಿಲಿಗೆ ಸಿಕ್ಕಿಸಿದ್ದು ಬೇವು. ಹಾಗಾಗಿ ಹಬ್ಬಕ್ಕೆ ಬಂದ ಮಗಳು ಉಣ್ಣುತ್ತ ಆಡಿದ ಮಾತು ಅವಳಿಗೆ ಹೊಸದೆನಿಸಲಿಲ್ಲ. ಮಗಳು ಅನಿತಾ ಬಳ್ಳಾರಿಯ ಪ್ರಯೋಗಾಲಯವೊಂದರಲ್ಲಿ ಶೇಂಗಾಕ್ಕೆ ಹತ್ತುವ ಬೂಷ್ಟನ್ನು ಪರೀಕ್ಷಿಸುವವಳು.

"ಯವ್ವಾ, ಆ ಹಸರು ಬೂಷ್ಟು ಕಾಳಿನಾಗ ವಿಷ ಮಾಡತೈತಿ. ಬೇವಿನ ತಪ್ಪಲ ರಸ ಬಿತ್ತಂದ್ರ ವಿಷ ಮಾಡೋದು ನಿಂದ್ರತೈತಿ."

"ಇಷ್ಟು ತಿಳ್ಯಾಕ ನಿನಗ ಅಷ್ಟು ಸಾಲಿ ಬೇಕಾತೇನವ್ವಾ?" ಎಂದು ಜಡೆಮ್ಮ ನಕ್ಕಿದ್ದಳು.

ಮುಂದೆ ಅಕಾಲದ ಮಳೆಗೆ ಕೊಟ್ಟಿಗೆ ಸೋರಿ, ಶೇಂಗಾ ಹಿಂಡಿಯ ಚೀಲದೊಳಗೆಲ್ಲ ಹಸಿರು ಬೂಷ್ಟು ಕಟ್ಟಿತು. ಅದು ಅವಳ ಕರು ಚುಕ್ಕಿಯ ಮೇವು. ಹುಟ್ಟಿದ ದಿನವೇ ತಾಯಿ ಸತ್ತ ಕರುವನ್ನು ಜಡೆಮ್ಮ ಬೆರಳು ಚೀಪಿಸಿ, ಹಾಲು ಹನಿಸಿ ಬದುಕಿಸಿಕೊಂಡಿದ್ದಳು. ಹಿಂಡಿ ಚೆಲ್ಲಲು ಅವಳಿಗೆ ಕಾರಣ ಕಾಣಲಿಲ್ಲ. ಸ್ನಾನ ಮಾಡಿ, ಬೇವಿನ ತಪ್ಪಲು ಅರೆದು, ರಸ ಚಿಮುಕಿಸಿ ಬಿಸಿಲಿಗೆ ಹರವಿದಳು.

ಪಕ್ಕದ ಮನೆಯ ಗಾದಿಲಿಂಗಪ್ಪ ಇಣುಕಿದ. "ಏನಬೇ ಜಡೆಮ್ಮಕ್ಕ, ಚುಕ್ಕಿಗಿ ಈಗಲೇ ಯುಗಾದಿ ಏನು? ಒಂಚೂರು ಬೆಲ್ಲಾನೂ ಹಾಕು!"

"ನಿನ್ನ ನಾಲಿಗಿಗೂ ಹಚ್ಚತೀನಿ, ಬಾರಲೇ."

ವಾರಗಳು ಕಳೆದವು. ಚುಕ್ಕಿ ಮೇವು ಬಿಟ್ಟಿತು, ಕಣ್ಣು ಹಳದಿಯಾದವು. ಜಡೆಮ್ಮ ದೃಷ್ಟಿ ತೆಗೆದಳು; ಹಿಂಡಿಗೆ ಬೇವು ಇನ್ನಷ್ಟು ಹಾಕಿದಳು. ದನದ ಡಾಕ್ಟರು ಬಂದು ಸೂಜಿ ಚುಚ್ಚಿ, ತಲೆಯಾಡಿಸಿ ಹೋದರು. ಅನಿತಾ ಸುದ್ದಿ ಕೇಳಿ ಬಸ್ಸಿಳಿದು ಬರುವಾಗ ಚುಕ್ಕಿಯ ತಲೆ ಜಡೆಮ್ಮನ ಮಡಿಲಲ್ಲಿ ತಣ್ಣಗಾಗಿತ್ತು.

ಅನಿತಾ ಹಿಂಡಿಯನ್ನು ಮುರಿದು ಮೂಸಿದಳು.

"ಬೇವು ಹಾಕೇ ತಿನ್ನಿಸೀನವ್ವಾ. ನೀನೇ ಹೇಳಿದ್ದಿಯಲ್ಲ," ಎಂದಳು ಜಡೆಮ್ಮ.

ಮಗಳು ಹಿಂಡಿಯ ಚೂರನ್ನು ಕೆಳಗಿಟ್ಟಳು. "ಬೂಷ್ಟು ಹತ್ತೋಕಿಂತ ಮೊದಲು ಹಾಕಬೇಕಿತ್ತು ಯವ್ವಾ. ವಿಷ ಆಗದಂಗ ಬೇವು ತಡೀತೈತಿ. ಆಗಿಹೋಗಿದ್ದನ್ನ ತಗಿಯಂಗಿಲ್ಲ. ಆ ಮಾತು ನಾ ಬಿಡಿಸಿ ಹೇಳಲಿಲ್ಲ."

"ಅಂದ್ರ, ದಿನಾ ಕೈಯಾರೆ ವಿಷ ಉಣಿಸಿದಾಕಿ ನಾನು."

ಅನಿತಾ ಅವಳನ್ನು ತಬ್ಬಿಕೊಂಡಳು.

ಗಾದಿಲಿಂಗಪ್ಪ ಗುಂಡಿ ತೋಡಿದ. ಬೇರೆ ದನ ಬಾಯಿ ಹಾಕದಿರಲೆಂದು ಉಳಿದ ಹಿಂಡಿಯನ್ನೂ ಒಳಗೆ ಸುರಿದು, ರೂಢಿಯಂತೆ ಕರುವಿನ ಮೇಲೆ ಹೊದಿಸಲು ಬೇವಿನ ಟೊಂಗೆ ಹಿಡಿದು ನಿಂತ. ಹಾಕಲೋ ಬೇಡವೋ ಎಂದು ಜಡೆಮ್ಮನ ಮುಖ ನೋಡಿದ. ಅವಳು ತಾನೇ ಇಸಿದುಕೊಂಡು ಕಣ್ಣಿಗೊತ್ತಿಕೊಂಡು, ಆ ಬೇವಿಗೇ ಹೇಳಿದಳು:

"ನಿಂದೇನೂ ತಪ್ಪಿಲ್ಲ ತಾಯಿ. ನಾನೇ ಹೊತ್ತು ಮೀರಿ ಕರದೆ."

ಟೊಂಗೆ ಹೊದಿಸಿದಳು. ಮೇಲೆ ಹಾಕಲೆಂದು ಹಿಡಿದ ಮಣ್ಣು ಮಾತ್ರ ಅವಳ ಮುಷ್ಟಿ ಬಿಟ್ಟು ಬೀಳಲಿಲ್ಲ. ಅನಿತಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.